ಗೋಲ್ಡನ್ ಏಜ್ ಪತ್ತೇದಾರಿ ಕಥೆಗಳು ಮತ್ತು ಅವನ್ನು ಬರೆದವರು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ ಹೆಸರು ಎತ್ತಿದರೆ ಸಾಕು, ಯಾರಾದರೊಬ್ಬರು ಏನಾದರೂ ಕೇಳೇ ಕೇಳುತ್ತಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಯಾವ ಕಾದಂಬರಿಯ ಕೊಲೆಗಾರನ ಹೆಸರೂ ಇಲ್ಲಿ ಇಲ್ಲ, ಧೈರ್ಯವಾಗಿ ಓದಿ.

## ಶುರು ಮಾಡುವವರಿಗೆ

ಗೋಲ್ಡನ್ ಏಜ್ ಅಂತಾರಲ್ಲ, ಅದು ಯಾವಾಗಿನಿಂದ ಯಾವಾಗಿನವರೆಗೆ?

ಒಗಟು ಬಿಡಿಸುವ ಪತ್ತೇದಾರಿ ಕಾದಂಬರಿಗಳು ಉತ್ತುಂಗದಲ್ಲಿದ್ದ ಕಾಲ ಅದು, ಹೆಚ್ಚುಕಡಿಮೆ ಎರಡು ಮಹಾಯುದ್ಧಗಳ ನಡುವೆ. ಕ್ರಿಸ್ಟಿಯ ಮೊದಲ ಕಾದಂಬರಿ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' 1920ರಲ್ಲಿ ಅಮೆರಿಕದಲ್ಲಿ ಬಂತು, ಮರುವರ್ಷ ಬ್ರಿಟನ್ನಿನಲ್ಲಿ. ಫ್ರೀಮನ್ ವಿಲ್ಸ್ ಕ್ರಾಫ್ಟ್ಸ್ ಬರೆದ 'ದಿ ಕಾಸ್ಕ್' ಕೂಡ 1920ರದ್ದೇ. ಇವಕ್ಕೆ ದಾರಿ ಮಾಡಿಕೊಟ್ಟಿದ್ದು 1913ರಲ್ಲಿ ಇ. ಸಿ. ಬೆಂಟ್ಲಿ ಬರೆದ 'ಟ್ರೆಂಟ್ಸ್ ಲಾಸ್ಟ್ ಕೇಸ್'. 1939ರಲ್ಲಿ ಎಲ್ಲ ನಿಂತುಹೋಯಿತು ಅಂತಲ್ಲ. ಅದೇ ಬರಹಗಾರರು ಮುಂದೆ ದಶಕಗಟ್ಟಲೆ ಬರೆದರು. ಆದರೆ ಕಟ್ಟುಪಾಡುಗಳು ಹುಟ್ಟಿದ್ದು, ಅವನ್ನು ಮುರಿಯುವ ಹುಮ್ಮಸ್ಸು ಬಂದಿದ್ದು ಆ ಇಪ್ಪತ್ತು ವರ್ಷಗಳಲ್ಲಿ.

ಷರ್ಲಾಕ್ ಹೋಮ್ಸ್ ಇದರಲ್ಲಿ ಬರಲ್ವಾ?

ಬರಲ್ಲ. ಹೋಮ್ಸ್ ಮೊದಲು ಕಾಣಿಸಿಕೊಂಡಿದ್ದು 1887ರಲ್ಲಿ. ಕೊನೆಯ ಕಥೆ 1927ರಲ್ಲಿ ಬಂದರೂ ಅವನು ಹಳೆಯ ಕಾಲದವನೇ. ಮುಖ್ಯ ವ್ಯತ್ಯಾಸ ಬೇರೆ ಕಡೆ ಇದೆ. ಹೋಮ್ಸ್ ನೆಲದ ಮೇಲೆ ಬಗ್ಗಿ ಏನನ್ನೋ ನೋಡುತ್ತಾನೆ, ಎತ್ತಿ ಲಕೋಟೆಯಲ್ಲಿ ಹಾಕಿಕೊಳ್ಳುತ್ತಾನೆ. ಅದೇನು ಅಂತ ನಮಗೆ ಎಷ್ಟೋ ಸಲ ಗೊತ್ತಾಗುವುದು ಕೊನೆಯಲ್ಲೇ. ನಾವು ಅವನ ಜಾಣತನ ನೋಡಿ ಬೆರಗಾಗಬೇಕು, ಅಷ್ಟೇ. ಗೋಲ್ಡನ್ ಏಜ್ ಬರಹಗಾರರು ಹೇಳಿದ್ದು: ಪತ್ತೇದಾರನಿಗೆ ಕಂಡಿದ್ದೆಲ್ಲ ಓದುಗನಿಗೂ ಕಾಣಬೇಕು. ಅದನ್ನು 'ಫೇರ್ ಪ್ಲೇ' ಅಂದರು. ಈ ಒಂದು ಷರತ್ತು ಇಟ್ಟುಕೊಂಡೇ ಓದುಗನನ್ನು ಏಮಾರಿಸಬೇಕು ಅನ್ನುವುದು ಎಂಥ ಕಷ್ಟದ ಕೆಲಸ ನೋಡಿ. ಈ ಬರಹಗಾರರು ದೊಡ್ಡವರಾಗಿದ್ದು ಅದನ್ನು ಮಾಡಿ ತೋರಿಸಿದ್ದಕ್ಕೆ.

ಒಂದೂ ಓದಿಲ್ಲ. ಯಾವುದರಿಂದ ಶುರು ಮಾಡಲಿ?

ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' (1926). ಯಾರೂ ನಿಮಗೆ ಅದರ ಗುಟ್ಟು ಹೇಳುವ ಮೊದಲೇ ಓದಿಬಿಡಿ. ಗುಟ್ಟು ಆಗಲೇ ಗೊತ್ತಾಗಿದ್ದರೆ 'ಆಂಡ್ ದೆನ್ ದೇರ್ ವರ್ ನನ್' (1939) ಹಿಡಿಯಿರಿ. ಒಂದು ದ್ವೀಪ, ಹತ್ತು ಜನ, ಒಬ್ಬೊಬ್ಬರಾಗಿ ಸಾಯುತ್ತಾರೆ. ಪತ್ತೇದಾರನೇ ಇಲ್ಲದ ಕಾದಂಬರಿ ಅದು.

ಕ್ರಿಸ್ಟಿಯ ಇಂಗ್ಲಿಷ್ ಸರಳ. ಮಾತುಕತೆ ಜಾಸ್ತಿ, ವರ್ಣನೆ ಕಡಿಮೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಪುಸ್ತಕಗಳಿಗೆ ಕೈಹಾಕಲು ಹಿಂಜರಿಯುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಕೊಲೆಗಾರ ಯಾರು ಅಂತ ಸಿನಿಮಾ ನೋಡಿ ಗೊತ್ತಾಗಿದೆ. ಇನ್ನು ಓದಿ ಏನು ಪ್ರಯೋಜನ?

ತುಂಬಾ ಪ್ರಯೋಜನ ಇದೆ. ಮೊದಲ ಸಲ ನೀವು ಕೊಲೆಗಾರನನ್ನು ಹುಡುಕುತ್ತೀರಿ. ಎರಡನೇ ಸಲ ಬರಹಗಾರ್ತಿಯನ್ನು ಹಿಂಬಾಲಿಸುತ್ತೀರಿ.

'ಸ್ಟೈಲ್ಸ್' ಕಾದಂಬರಿಯ ಒಂದು ಸಣ್ಣ ವಿಷಯ ನೋಡಿ. ಕ್ರಿಸ್ಟಿಯ ಪತ್ತೇದಾರ ಪೊವಾರೊಗೆ ಎಲ್ಲವೂ ಓರಣವಾಗಿರಬೇಕು. ವಸ್ತು ಸೊಟ್ಟಗಿದ್ದರೆ ಕೈ ಸುಮ್ನೆ ಇರುವುದಿಲ್ಲ. ಸತ್ತವಳ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಮೇಲಿನ ವಸ್ತುಗಳನ್ನು ಅವನು ಸರಿಯಾಗಿ ಜೋಡಿಸಿಡುತ್ತಾನೆ. ನಾವು ನಕ್ಕು ಮುಂದೆ ಹೋಗುತ್ತೇವೆ. ಅವನ ಸ್ವಭಾವವೇ ಅದು, ಅಲ್ವಾ? ಕಥೆ ಕೊನೆಗೆ ಬರುತ್ತಿರುವಾಗ ಪೊವಾರೊ ಇಸ್ಪೀಟೆಲೆಗಳಿಂದ ಮನೆ ಕಟ್ಟುತ್ತಾ ಕೂತಿರುತ್ತಾನೆ. ನಿಮ್ಮ ಕೈ ಎಷ್ಟು ಸ್ಥಿರ, ನಡುಗಿದ್ದನ್ನು ನೋಡಿದ್ದು ಒಂದೇ ಸಲ, ಸಿಟ್ಟಿನಲ್ಲಿ ಅಗ್ಗಿಷ್ಟಿಕೆಯ ಮೇಲಿನ ವಸ್ತುಗಳನ್ನು ಸರಿಮಾಡುತ್ತಿದ್ದಿರಲ್ಲ ಆಗ, ಎಂದು ಗೆಳೆಯ ಹೇಸ್ಟಿಂಗ್ಸ್ ಅನ್ನುತ್ತಾನೆ. ಪೊವಾರೊ ಕೂಗಿಕೊಂಡು ಎದ್ದು ಓಡುತ್ತಾನೆ. ಒಮ್ಮೆ ಸರಿಮಾಡಿದ್ದನ್ನು ಮತ್ತೊಮ್ಮೆ ಯಾಕೆ ಸರಿಮಾಡಬೇಕಾಗಿ ಬಂತು? ನಡುವೆ ಯಾರೋ ಅದನ್ನು ಮುಟ್ಟಿದ್ದಾರೆ.

ಸುಳಿವು ನಮ್ಮ ಕಣ್ಣೆದುರೇ ಇತ್ತು. ಕ್ರಿಸ್ಟಿ ಅದನ್ನು ಒಂದು ತಮಾಷೆಯ ಅಭ್ಯಾಸದ ಹಿಂದೆ ಮರೆಮಾಡಿದ್ದರು. ಮೊದಲ ಕಾದಂಬರಿಯಲ್ಲೇ ಇಷ್ಟು ಹಿಡಿತ! ಕೊಲೆಗಾರನ ಹೆಸರು ಗೊತ್ತಿದ್ದರೂ ಈ ಖುಷಿ ಕಡಿಮೆಯಾಗುವುದಿಲ್ಲ.

## ಬರಹಗಾರರ ಬಗ್ಗೆ

ಕ್ರಿಸ್ಟಿಗೆ ವಿಷದ ವಿಚಾರ ಅಷ್ಟೊಂದು ಹೇಗೆ ಗೊತ್ತಿತ್ತು?

ಕೆಲಸದಿಂದ. ಮೊದಲ ಮಹಾಯುದ್ಧದ ಸಮಯದಲ್ಲಿ ಅವರು ತಮ್ಮೂರು ಟಾರ್ಕಿಯ ಆಸ್ಪತ್ರೆಯಲ್ಲಿ ಮೊದಲು ನರ್ಸ್ ಆಗಿ, ಆಮೇಲೆ ಔಷಧ ವಿಭಾಗದಲ್ಲಿ ದುಡಿದರು. ಔಷಧ ಬೆರೆಸುವ ಪರೀಕ್ಷೆಯನ್ನೂ ಪಾಸು ಮಾಡಿದರು. ಸುತ್ತಲೂ ವಿಷದ ಶೀಶೆಗಳು. ಊರಿನಲ್ಲಿ ಬೆಲ್ಜಿಯಂನಿಂದ ಬಂದ ನಿರಾಶ್ರಿತರು. ಎರಡೂ ಸೇರಿ 'ಸ್ಟೈಲ್ಸ್' ಆಯಿತು, ನಿರಾಶ್ರಿತನಾಗಿ ಬಂದ ಬೆಲ್ಜಿಯನ್ ಪೊವಾರೊ ಹುಟ್ಟಿದ.

ಹಲವು ಪ್ರಕಾಶಕರು ಆ ಹಸ್ತಪ್ರತಿಯನ್ನು ತಿರುಗಿಸಿ ಕಳಿಸಿದರು. ಕೊನೆಗೆ ಬಾಡ್ಲಿ ಹೆಡ್ ಸಂಸ್ಥೆಯ ಜಾನ್ ಲೇನ್ ಒಪ್ಪಿದರು, ಕೋರ್ಟಿನಲ್ಲಿ ನಡೆಯುತ್ತಿದ್ದ ಕೊನೆಯ ದೃಶ್ಯವನ್ನು ಬದಲಿಸಲು ಹೇಳಿ. ಮನೆಯ ಹಜಾರದಲ್ಲಿ ಎಲ್ಲರನ್ನೂ ಕೂರಿಸಿ ಪೊವಾರೊ ಗುಟ್ಟು ಬಿಚ್ಚುವ ದೃಶ್ಯ ಬಂದಿದ್ದು ಹಾಗೆ. ಆ ಪುಸ್ತಕದಿಂದ ಅವರಿಗೆ ಸಿಕ್ಕಿದ್ದು 25 ಪೌಂಡ್. ವಿಷದ ಬಳಕೆ ಸರಿಯಾಗಿದೆ ಎಂದು ಔಷಧ ತಜ್ಞರ ಪತ್ರಿಕೆಯೊಂದು ಹೊಗಳಿದ್ದು ಅವರಿಗೆ ಬಹಳ ಹೆಮ್ಮೆ ತಂದಿತ್ತು.

'ರೋಜರ್ ಆಕ್ರಾಯ್ಡ್' ಓದಿ ಸಿಟ್ಟು ಬಂತು. ಅದು ಮೋಸ ಅಲ್ವಾ?

1926ರಲ್ಲೂ ಕೆಲವರು ಹೀಗೇ ಸಿಟ್ಟಾದರು. ಇನ್ನೊಬ್ಬ ಪತ್ತೇದಾರಿ ಬರಹಗಾರ್ತಿ ಡೊರೊಥಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತರು. ಎಲ್ಲರನ್ನೂ ಅನುಮಾನಿಸುವುದು ಓದುಗನ ಕೆಲಸ ಅನ್ನುವುದು ಅವರ ವಾದ. ನಾನೂ ಅದೇ ಪಕ್ಷ. ಪುಸ್ತಕ ಮುಗಿದ ಮೇಲೆ ಕೊಲೆಯಾದ ರಾತ್ರಿಯ ಅಧ್ಯಾಯಕ್ಕೆ ವಾಪಸ್ ಹೋಗಿ, ಒಂದೊಂದು ವಾಕ್ಯ ನಿಧಾನವಾಗಿ ಓದಿ. ಒಂದು ಸುಳ್ಳೂ ಸಿಗುವುದಿಲ್ಲ. ಎರಡು ವಾಕ್ಯಗಳ ನಡುವೆ ಒಂದು ಜಾಗ ಮಾತ್ರ ಖಾಲಿ ಇದೆ. ಅದನ್ನು ನಮಗೆ ಬೇಕಾದ ಹಾಗೆ ತುಂಬಿಕೊಂಡವರು ನಾವು.

'ಕ್ವೀನ್ಸ್ ಆಫ್ ಕ್ರೈಮ್' ಅಂದ್ರೆ ಯಾರ್‍ಯಾರು?

ಕ್ರಿಸ್ಟಿ, ಡೊರೊಥಿ ಸೇಯರ್ಸ್, ಮಾರ್ಜರಿ ಆಲಿಂಗ್‌ಹ್ಯಾಮ್, ನೈಯೊ ಮಾರ್ಷ್. ಆಲಿಂಗ್‌ಹ್ಯಾಮ್ ಅವರ ಪತ್ತೇದಾರ ಆಲ್ಬರ್ಟ್ ಕ್ಯಾಂಪಿಯನ್ 1929ರಲ್ಲಿ ಪಕ್ಕದ ಪಾತ್ರವಾಗಿ ಬಂದವನು, ಆಮೇಲೆ ನಾಯಕನಾದ. ಅವರ 'ಟ್ರೇಟರ್ಸ್ ಪರ್ಸ್' (1941) ಓದಲೇಬೇಕು. ನೆನಪು ಕಳೆದುಕೊಂಡ ಕ್ಯಾಂಪಿಯನ್ ಆಸ್ಪತ್ರೆಯಲ್ಲಿ ಎಚ್ಚರಗೊಳ್ಳುತ್ತಾನೆ. ಯುದ್ಧ ನಡೆಯುತ್ತಿದೆ, ತಾನೇನು ಮಾಡಬೇಕಿತ್ತು ಅನ್ನುವುದೇ ಅವನಿಗೆ ಗೊತ್ತಿಲ್ಲ. ಮಾರ್ಷ್ ನ್ಯೂಜಿಲೆಂಡಿನವರು, ರಂಗಭೂಮಿಯ ನಿರ್ದೇಶಕಿ. ಷೇಕ್ಸ್‌ಪಿಯರ್ ನಾಟಕಗಳನ್ನು ಆಡಿಸಿದವರು. ಹಾಗಾಗಿ ನಾಟಕದ ಕಂಪನಿ, ಗ್ರೀನ್ ರೂಮ್, ನಟನಟಿಯರ ಜಗಳ ಅವರ ಕಾದಂಬರಿಗಳಲ್ಲಿ ಜೀವಂತವಾಗಿ ಬರುತ್ತವೆ.

ಈ ಪಟ್ಟಿಗೆ ಐದನೆಯವರಾಗಿ ಸ್ಕಾಟ್ಲೆಂಡಿನ ಜೋಸೆಫೀನ್ ಟೇ ಅವರನ್ನು ನಾನು ಸೇರಿಸುತ್ತೇನೆ. 'ದಿ ಡಾಟರ್ ಆಫ್ ಟೈಮ್' (1951) ಕಾದಂಬರಿಯಲ್ಲಿ ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ ಇನ್ಸ್‌ಪೆಕ್ಟರ್ ಒಬ್ಬ ಮೂರನೇ ರಿಚರ್ಡ್ ದೊರೆಯ ಚಿತ್ರ ನೋಡುತ್ತಾನೆ. ಇವನು ನಿಜಕ್ಕೂ ತನ್ನ ಅಣ್ಣನ ಮಕ್ಕಳನ್ನು ಕೊಂದನಾ ಅನ್ನುವ ಪ್ರಶ್ನೆ ಹಿಡಿದು ಹೊರಡುತ್ತಾನೆ. ಹಾಸಿಗೆ ಬಿಟ್ಟು ಏಳದೆ ನಡೆಯುವ ತನಿಖೆ, ಅದೂ ಹದಿನೈದನೇ ಶತಮಾನದ್ದು.

ಸೇಯರ್ಸ್ ಓದಲು ಹೋದೆ, ಬೋರ್ ಆಯ್ತು. ಬಿಟ್ಟುಬಿಡಲಾ?

ಯಾವ ಪುಸ್ತಕ ಹಿಡಿದಿರಿ ಅನ್ನುವುದು ಮುಖ್ಯ. 'ದಿ ಫೈವ್ ರೆಡ್ ಹೆರಿಂಗ್ಸ್' (1931) ಆಗಿದ್ದರೆ ನಿಮ್ಮನ್ನು ದೂರುವಂತಿಲ್ಲ. ಅದರ ತುಂಬ ರೈಲಿನ ವೇಳಾಪಟ್ಟಿ, ಸೈಕಲ್, ಟಿಕೆಟ್ಟು.

'ಮರ್ಡರ್ ಮಸ್ಟ್ ಅಡ್ವರ್ಟೈಸ್' (1933) ಹಿಡಿಯಿರಿ. ಸೇಯರ್ಸ್ ಲಂಡನ್ನಿನ ಬೆನ್ಸನ್ಸ್ ಜಾಹೀರಾತು ಸಂಸ್ಥೆಯಲ್ಲಿ ವರ್ಷಗಟ್ಟಲೆ ಜಾಹೀರಾತಿನ ಒಕ್ಕಣೆ ಬರೆದವರು. ಗಿನ್ನೆಸ್ ಬಿಯರಿನ ಹೆಸರಾಂತ ಟೂಕನ್ ಹಕ್ಕಿಯ ಜಾಹೀರಾತಿಗೆ ಪದ್ಯ ಬರೆದಿದ್ದು ಅವರೇ. ಆ ಆಫೀಸಿನ ಹರಟೆ, ಚಹಾ, ಗ್ರಾಹಕರ ಕಿರಿಕಿರಿ, ಕೊನೇ ಗಳಿಗೆಯಲ್ಲಿ ಬದಲಾಗುವ ಶೀರ್ಷಿಕೆ ಎಲ್ಲ ಕಾದಂಬರಿಯಲ್ಲಿದೆ. ಬೆಂಗಳೂರಿನ ಯಾವುದೇ ಏಜೆನ್ಸಿಯಲ್ಲಿ ಕೆಲಸ ಮಾಡಿದವರಿಗೆ ಇದು ನಮ್ಮ ಆಫೀಸೇ ಅನಿಸುತ್ತದೆ.

ಆಮೇಲೆ 'ದಿ ನೈನ್ ಟೈಲರ್ಸ್' (1934). ಇಂಗ್ಲೆಂಡಿನ ಪೂರ್ವದ ಜೌಗು ಬಯಲು, ಒಂದು ದೊಡ್ಡ ಚರ್ಚು, ಲೆಕ್ಕಾಚಾರದಿಂದ ಗಂಟೆ ಬಾರಿಸುವ ಹಳ್ಳಿಯ ಜನ. ಸೇಯರ್ಸ್ ಬೆಳೆದಿದ್ದು ಆ ಸೀಮೆಯಲ್ಲೇ, ತಂದೆ ಅಲ್ಲಿ ಪಾದ್ರಿ. ಗಂಟೆಯ ಲೆಕ್ಕ ಅರ್ಥವಾಗದಿದ್ದರೂ ಬಿಡದೆ ಓದಿ. ನೆರೆ ಬರುವ ಅಧ್ಯಾಯಗಳಿಗೆ ಈ ಇಡೀ ಪ್ರಕಾರದಲ್ಲಿ ಸಾಟಿ ಇಲ್ಲ.

ಗಂಡಸರು ಯಾರೂ ಬರೆಯಲಿಲ್ವಾ?

ಬರೆದರು, ಬೇಕಾದಷ್ಟು. ಇವತ್ತು ಅವರ ಹೆಸರು ಕಡಿಮೆ ಕೇಳಿಬರುತ್ತದೆ, ಅಷ್ಟೇ. ಕ್ರಾಫ್ಟ್ಸ್ ಐರ್ಲೆಂಡಿನ ರೈಲ್ವೆ ಎಂಜಿನಿಯರ್. ಕಾಯಿಲೆ ಬಿದ್ದು ಮಲಗಿದ್ದಾಗ ಬರೆಯಲು ಶುರುಮಾಡಿದವರು. ಅವರ ಇನ್ಸ್‌ಪೆಕ್ಟರ್ ಫ್ರೆಂಚ್ ಮಿಂಚಿನ ಬುದ್ಧಿಯವನಲ್ಲ. ಒಂದೊಂದು ಅಲಿಬಿಯನ್ನೂ (ಕೊಲೆಯ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ ಅನ್ನುವ ವಾದ) ತಾಳ್ಮೆಯಿಂದ ಬಿಚ್ಚುವ ಸರ್ಕಾರಿ ನೌಕರ. ಡಾಕ್ಟರ್ ಆಗಿದ್ದ ಆರ್. ಆಸ್ಟಿನ್ ಫ್ರೀಮನ್ 1912ರಷ್ಟು ಹಿಂದೆಯೇ ಕಥೆಯನ್ನು ತಲೆಕೆಳಗು ಮಾಡಿದರು. ಅಪರಾಧ ಹೇಗಾಯಿತು ಅಂತ ಮೊದಲೇ ತೋರಿಸಿ, ಅದನ್ನು ಡಾಕ್ಟರ್ ಥಾರ್ನ್‌ಡೈಕ್ ಹೇಗೆ ಹಿಡಿಯುತ್ತಾನೆ ಅನ್ನುವುದನ್ನು ಆಮೇಲೆ ಹೇಳಿದರು.

ಇವರಲ್ಲಿ ನನಗೆ ಬಹಳ ಇಷ್ಟ ಆಂಥನಿ ಬರ್ಕ್ಲಿ. 'ದಿ ಪಾಯ್ಸನ್ಡ್ ಚಾಕಲೆಟ್ಸ್ ಕೇಸ್' (1929) ಕಾದಂಬರಿಯಲ್ಲಿ ಒಂದು ಕೊಲೆ, ಒಂದು ಕ್ಲಬ್ಬು, ಆರು ಸದಸ್ಯರು. ಆರು ಜನರೂ ಆರು ಬೇರೆ ಬೇರೆ ಉತ್ತರ ಕೊಡುತ್ತಾರೆ. ಪ್ರತಿಯೊಂದೂ ನಂಬುವ ಹಾಗೇ ಇರುತ್ತದೆ, ಮುಂದಿನವರು ಎದ್ದು ನಿಂತು ಅದನ್ನು ಒಡೆಯುವ ತನಕ. ಸುಳಿವುಗಳಿಂದ ಒಂದೇ ಸತ್ಯ ಹೊರಡುತ್ತದೆ ಅನ್ನುವ ನಂಬಿಕೆಯನ್ನೇ ಅವರು ಅಲುಗಾಡಿಸಿದರು. ಎರಡು ವರ್ಷದ ಮೇಲೆ ಫ್ರಾನ್ಸಿಸ್ ಐಲ್ಸ್ ಅನ್ನುವ ಹೆಸರಿನಲ್ಲಿ 'ಮ್ಯಾಲಿಸ್ ಅಫೋರ್‌ಥಾಟ್' ಬರೆದರು. ಅದರಲ್ಲಿ ಕೊಲೆ ಮಾಡುವವನು ಯಾರು ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ. ಕುತೂಹಲ ಮಾತ್ರ ಕೊನೇ ಪುಟದವರೆಗೂ ಇಳಿಯುವುದಿಲ್ಲ.

ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಕೊಲೆ: ಇಂಥ ಕಥೆಗಳಿಗೆ ಯಾರನ್ನು ಓದಬೇಕು?

ಜಾನ್ ಡಿಕ್ಸನ್ ಕಾರ್. ಅಮೆರಿಕದವರು, ಇಂಗ್ಲೆಂಡಿಗೆ ಬಂದು ನೆಲೆಸಿ ಬರೆದವರು. ಅವರ ಪತ್ತೇದಾರ ಡಾಕ್ಟರ್ ಗಿಡಿಯನ್ ಫೆಲ್ ದಪ್ಪ ಮೈಯವನು, ಭುಜದ ಮೇಲೆ ದೊಡ್ಡ ಮೇಲಂಗಿ. ಬರಹಗಾರ ಚೆಸ್ಟರ್ಟನ್ ಅವರನ್ನು ನೋಡಿ ಮಾಡಿದ ಪಾತ್ರ.

'ದಿ ಹಾಲೋ ಮ್ಯಾನ್' (1935) ಅವರ ಹೆಸರಾಂತ ಪುಸ್ತಕ. ಅದರ ಹದಿನೇಳನೇ ಅಧ್ಯಾಯದಲ್ಲಿ ಫೆಲ್ ಕಥೆ ನಿಲ್ಲಿಸಿ, ನಾವೆಲ್ಲ ಪತ್ತೇದಾರಿ ಕಥೆಯೊಂದರ ಪಾತ್ರಗಳು ಎಂದು ನೇರವಾಗಿ ಒಪ್ಪಿಕೊಳ್ಳುತ್ತಾನೆ. ಮುಚ್ಚಿದ ಕೋಣೆಯಲ್ಲಿ ಕೊಲೆ ಮಾಡುವ ಬಗೆಗಳನ್ನೆಲ್ಲ ಒಂದೊಂದಾಗಿ ಪಾಠ ಹೇಳುತ್ತಾನೆ. ಜಾದೂಗಾರ ತನ್ನ ಪೆಟ್ಟಿಗೆ ತೆರೆದು ತೋರಿಸಿ, ಆಮೇಲೂ ನಮ್ಮನ್ನು ಮರುಳು ಮಾಡಿದ ಹಾಗೆ. ಕೊಲೆಯ ವಿಧಾನ ಸ್ವಲ್ಪ ಜಾಸ್ತಿಯೇ ತೊಡಕಿನದು, ಅದು ನಿಜ. ಸರಳವಾದ ಚಮತ್ಕಾರ ಬೇಕಿದ್ದರೆ ಕಾರ್ಟರ್ ಡಿಕ್ಸನ್ ಹೆಸರಿನಲ್ಲಿ ಅವರು ಬರೆದ 'ದಿ ಜೂಡಾಸ್ ವಿಂಡೋ' (1938) ಓದಿ.

ಎಲರಿ ಕ್ವೀನ್ ಒಬ್ಬರಾ, ಇಬ್ಬರಾ?

ಇಬ್ಬರು. ಫ್ರೆಡೆರಿಕ್ ಡ್ಯಾನೆ ಮತ್ತು ಮ್ಯಾನ್‌ಫ್ರೆಡ್ ಲೀ, ಬ್ರೂಕ್ಲಿನ್‌ನ ಸೋದರಸಂಬಂಧಿಗಳು, ಒಂದೇ ಹೆಸರಿನಲ್ಲಿ ಜೊತೆಯಾಗಿ ಬರೆದವರು. ಪತ್ತೇದಾರನ ಹೆಸರೂ ಅದೇ. ಮೊದಲ ಪುಸ್ತಕ 'ದಿ ರೋಮನ್ ಹ್ಯಾಟ್ ಮಿಸ್ಟರಿ' (1929). ಕೊನೆಗೆ ಸ್ವಲ್ಪ ಮುಂಚೆ ಕಥೆ ನಿಲ್ಲಿಸಿ, ಈಗ ಎಲ್ಲ ಸುಳಿವೂ ನಿಮ್ಮ ಕೈಯಲ್ಲಿದೆ, ಹೇಳಿ ನೋಡೋಣ ಎಂದು ಓದುಗನಿಗೆ ಸವಾಲು ಹಾಕುತ್ತಾರೆ. ಆ ಪುಟದಲ್ಲಿ ಪುಸ್ತಕ ಮುಚ್ಚಿ ಒಂದು ರಾತ್ರಿ ಯೋಚನೆ ಮಾಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಇದ್ದವಂತೆ, ನಿಜವಾ?

ನಿಜ. ಬರೆದವರು ರೊನಾಲ್ಡ್ ನಾಕ್ಸ್, 1929ರಲ್ಲಿ. ಕ್ಯಾಥೊಲಿಕ್ ಪಾದ್ರಿ, ಸ್ವತಃ ಪತ್ತೇದಾರಿ ಕಾದಂಬರಿಕಾರ. ಅಪರಾಧಿ ಕಥೆಯ ಶುರುವಿನಲ್ಲೇ ಕಾಣಿಸಿಕೊಂಡಿರಬೇಕು. ದೆವ್ವ, ಪವಾಡ ಬೇಡ. ಒಂದಕ್ಕಿಂತ ಹೆಚ್ಚು ಗುಪ್ತ ದಾರಿ ಬೇಡ. ಯಾರೂ ಕೇಳಿರದ ವಿಷ ಬೇಡ. ಅವಳಿಗಳನ್ನು ತರುವುದಿದ್ದರೆ ಮೊದಲೇ ಸೂಚನೆ ಕೊಡಿ. ಹೀಗೆ.

ಚೀನೀಯನೊಬ್ಬ ಕಥೆಯಲ್ಲಿ ಬರಕೂಡದು ಅನ್ನುವ ಐದನೆಯದನ್ನು ನೋಡಿ ಈಗಿನವರು ಬೆಚ್ಚುತ್ತಾರೆ. ಆಗಿನ ಅಗ್ಗದ ಥ್ರಿಲ್ಲರ್‌ಗಳಲ್ಲಿ ಕ್ರೂರಿ ಚೀನೀಯ ಖಳನಾಯಕ ಎಲ್ಲೆಲ್ಲೂ ಇರುತ್ತಿದ್ದ. ನಾಕ್ಸ್ ಬೇಡ ಅಂದಿದ್ದು ಆ ಸವಕಲು ಚಾಳಿಯನ್ನು. ಆದರೂ ಆ ಮಾತಿನ ಧಾಟಿ ಇವತ್ತು ಕಿವಿಗೆ ಹಿತವಲ್ಲ.

ಡಿಟೆಕ್ಷನ್ ಕ್ಲಬ್ಬಿನಲ್ಲಿ ತಲೆಬುರುಡೆಯ ಮೇಲೆ ಕೈ ಇಟ್ಟು ಪ್ರಮಾಣ ಮಾಡಿಸ್ತಿದ್ರಂತೆ?

ಹೌದು, ಬುರುಡೆಗೆ ಎರಿಕ್ ಅಂತ ಹೆಸರು. 1930ರಲ್ಲಿ ಲಂಡನ್ನಿನಲ್ಲಿ ಶುರುವಾದ ಬರಹಗಾರರ ಕೂಟ ಅದು. ಮುಂದಾಳು ಬರ್ಕ್ಲಿ, ಮೊದಲ ಅಧ್ಯಕ್ಷ ಚೆಸ್ಟರ್ಟನ್. ದೈವವಾಣಿ, ಕಾಕತಾಳೀಯಗಳ ಮೊರೆ ಹೋಗದೆ ಬುದ್ಧಿಯಿಂದಲೇ ಪತ್ತೆ ಮಾಡಿಸುತ್ತೇನೆ, ಮುಖ್ಯ ಸುಳಿವನ್ನು ಓದುಗನಿಂದ ಮುಚ್ಚಿಡುವುದಿಲ್ಲ ಎಂದು ಹೊಸ ಸದಸ್ಯರು ಪ್ರಮಾಣ ಮಾಡಬೇಕಿತ್ತು. ಆಚರಣೆಯಲ್ಲಿ ಮೋಜು ಇತ್ತು. ಪ್ರಮಾಣದ ಒಳಗಿನ ಮಾತನ್ನು ಅವರು ನಿಜವಾಗಿ ನಂಬಿದ್ದರು.

ಸದಸ್ಯರಲ್ಲಿ ಹಲವರು ಸೇರಿ 'ದಿ ಫ್ಲೋಟಿಂಗ್ ಅಡ್ಮಿರಲ್' (1931) ಬರೆದರು. ಹಿಂದಿನವರ ಮನಸ್ಸಿನಲ್ಲಿ ಏನಿತ್ತು ಅಂತ ತಿಳಿಯದೆ ಒಬ್ಬೊಬ್ಬರು ಒಂದೊಂದು ಅಧ್ಯಾಯ. ಸೇಯರ್ಸ್ ತೀರಿಕೊಂಡ ಮೇಲೆ ಕ್ರಿಸ್ಟಿ ಅಧ್ಯಕ್ಷರಾದರು, ಭಾಷಣವನ್ನೆಲ್ಲ ಬೇರೆಯವರು ಮಾಡಬೇಕು ಅನ್ನುವ ಷರತ್ತಿನ ಮೇಲೆ. ಕ್ಲಬ್ಬು ಈಗಲೂ ಇದೆ.

ಲಕ್ಷಾಂತರ ಜನ ಸತ್ತ ಯುದ್ಧ ಮುಗಿದ ಕೂಡಲೇ ಜನ ಕೊಲೆಯ ಕಥೆ ಯಾಕೆ ಓದಿದ್ರು? ಯುದ್ಧ ಮರೆಯೋಕಾ?

ಇದು ನನಗೆ ಬಹಳ ಹಿಡಿಸಿದ ಪ್ರಶ್ನೆ. ಸಾಮಾನ್ಯವಾಗಿ ಸಿಗುವ ಉತ್ತರ ಹೌದು, ಮರೆಯಲು ಅಂತ. ಪುಸ್ತಕಗಳನ್ನು ತೆರೆದು ನೋಡಿದರೆ ಆ ಉತ್ತರ ನಿಲ್ಲುವುದಿಲ್ಲ. 'ಸ್ಟೈಲ್ಸ್' ಕಥೆ ಹೇಳುವ ಹೇಸ್ಟಿಂಗ್ಸ್ ಯುದ್ಧರಂಗದಿಂದ ಗಾಯಗೊಂಡು ಬಂದವನು. ಪೊವಾರೊ ನಿರಾಶ್ರಿತ. ಸೇಯರ್ಸ್ ಅವರ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಹಾಸ್ಯ ಮಾಡುತ್ತಾ ಓಡಾಡುವ ಶ್ರೀಮಂತ. ಆದರೆ ಮೊದಲ ಕಾದಂಬರಿ 'ಹೂಸ್ ಬಾಡಿ' (1923) ಪುಸ್ತಕದಲ್ಲೇ, ಕೊಲೆಗಾರ ಯಾರೆಂದು ಹೊಳೆದ ರಾತ್ರಿ ಅವನು ಕುಸಿದುಹೋಗುತ್ತಾನೆ. ಕಂದಕದಲ್ಲಿದ್ದೇನೆ ಅಂತ ಭ್ರಮೆ. ಯುದ್ಧದಲ್ಲಿ ಅವನ ಕೈಕೆಳಗಿದ್ದ, ಈಗ ಅವನ ಸೇವಕನಾಗಿರುವ ಬಂಟರ್ ಅವನನ್ನು ಸಂತೈಸಿ ಮಲಗಿಸುತ್ತಾನೆ. 1928ರ 'ದಿ ಅನ್‌ಪ್ಲೆಸೆಂಟ್‌ನೆಸ್ ಅಟ್ ದಿ ಬೆಲೋನಾ ಕ್ಲಬ್' ಶುರುವಾಗುವುದೇ ಯುದ್ಧ ನಿಂತ ದಿನದ ಸ್ಮರಣೆಯಂದು.

ಆಗ ಬ್ರಿಟನ್ನಿನಲ್ಲಿ ಕೊಲೆಗೆ ಶಿಕ್ಷೆ ನೇಣು. ಪತ್ತೇದಾರ ಬೆರಳು ತೋರಿಸಿದ ಅಂದರೆ ಒಬ್ಬನನ್ನು ಗಲ್ಲಿಗೆ ಕಳಿಸಿದ ಅಂತಲೇ ಅರ್ಥ. ಹೆಚ್ಚಿನ ಕಾದಂಬರಿಗಳು ಅಷ್ಟು ದೂರ ಹೋಗುವುದಿಲ್ಲ. ಸೇಯರ್ಸ್ ಹೋದರು. 'ಬಸ್‌ಮ್ಯಾನ್ಸ್ ಹನಿಮೂನ್' (1937) ಕಾದಂಬರಿಯ ಕೊನೆಯಲ್ಲಿ, ತಾನು ಹಿಡಿದುಕೊಟ್ಟ ಕೊಲೆಗಾರನಿಗೆ ನೇಣು ಬೀಳುವ ಬೆಳಗಿನ ಹೊತ್ತು ವಿಮ್ಸಿ ಹೆಂಡತಿಯ ಎದುರು ಅಳುತ್ತಾನೆ. ಒಗಟು ಬಿಡಿಸುವುದಕ್ಕೆ ಬೆಲೆ ತೆರಬೇಕು ಅನ್ನುವುದನ್ನು ಆ ಕಾಲದ ಬೇರೆ ಯಾರೂ ಇಷ್ಟು ನೇರವಾಗಿ ಎದುರಿಸಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈ ಪುಸ್ತಕಗಳಲ್ಲಿ ಜನಾಂಗೀಯ ಮಾತುಗಳಿವೆ. ಮಕ್ಕಳಿಗೆ ಕೊಡಬಹುದಾ?

ಇವೆ. ಯಹೂದಿಗಳ ಬಗ್ಗೆ, ಕಪ್ಪು ಜನರ ಬಗ್ಗೆ, ವಸಾಹತುಗಳ ಜನರ ಬಗ್ಗೆ ಹಗುರ ಮಾತುಗಳು ಬರುತ್ತವೆ. 'ಆಂಡ್ ದೆನ್ ದೇರ್ ವರ್ ನನ್' 1939ರಲ್ಲಿ ಬ್ರಿಟನ್ನಿನಲ್ಲಿ ಬಂದಾಗ ಅದರ ಹೆಸರಿನಲ್ಲೇ ಜನಾಂಗೀಯ ಬೈಗುಳ ಇತ್ತು. ಅಮೆರಿಕದ ಪ್ರಕಾಶಕರು ಮರುವರ್ಷವೇ ಅದನ್ನು ಬದಲಿಸಿದರು. ಫ್ರೆಂಚ್ ಅನುವಾದದ ಹೆಸರು ಬದಲಾಗಿದ್ದು 2020ರಲ್ಲಿ. ಹೈಸ್ಕೂಲ್ ಮಕ್ಕಳಿಗೆ ಕೊಡಿ, ಆ ಮಾತುಗಳು ಬಂದಾಗ ಕೂತು ಮಾತಾಡಿ.

ರೇಮಂಡ್ ಚಾಂಡ್ಲರ್ ಇವರನ್ನೆಲ್ಲ ಕಟುವಾಗಿ ಟೀಕಿಸಿದ್ರಲ್ಲ, ಅವರ ಮಾತು ಸರಿ ಅಲ್ವಾ?

ಅರ್ಧ ಸರಿ. ಚಾಂಡ್ಲರ್ ಅಮೆರಿಕದ ಪತ್ತೇದಾರಿ ಕಾದಂಬರಿಕಾರರು. 1944ರ ಪ್ರಬಂಧದಲ್ಲಿ ಅವರ ವಾದ ಇದು: ಈ ಕಥೆಗಳಲ್ಲಿ ಜನ ಒಗಟಿಗಾಗಿ ಸಾಯುತ್ತಾರೆ, ನಿಜವಾದ ಕಾರಣಕ್ಕಲ್ಲ. ಎಷ್ಟೋ ಪುಸ್ತಕಗಳ ಬಗ್ಗೆ ಅದು ನಿಜ. ಕ್ರಾಫ್ಟ್ಸ್ ಅವರ ಪಾತ್ರಗಳು ಮರದ ಬೊಂಬೆಗಳೇ. ಆದರೆ ಕ್ರಿಸ್ಟಿಯ ಕೊಲೆಗಳ ಹಿಂದಿನ ಕಾರಣಗಳನ್ನು ಪಟ್ಟಿ ಮಾಡಿ ನೋಡಿ. ಆಸ್ತಿ, ಉಯಿಲು, ಹಳೇ ಮದುವೆಯ ಗುಟ್ಟು, ಮರ್ಯಾದೆ ಹೋಗುವ ಭಯ. ನಮ್ಮ ಪತ್ರಿಕೆಗಳ ಅಪರಾಧ ಪುಟದಲ್ಲಿ ಇವತ್ತೂ ಬರುವುದು ಇವೇ.

ಇಂಗ್ಲೆಂಡ್ ಬಿಟ್ಟು ಬೇರೆ ಕಡೆ ಈ ಪರಂಪರೆ ಬೆಳೀಲಿಲ್ವಾ? ಕನ್ನಡದಲ್ಲಿ?

ಜಪಾನಿನಲ್ಲಿ ಬೆಳೆದ ಹಾಗೆ ಎಲ್ಲೂ ಬೆಳೆಯಲಿಲ್ಲ. ಅಮೆರಿಕದ ಬರಹಗಾರ ಎಡ್ಗರ್ ಅಲನ್ ಪೋ ಅನ್ನುವ ಹೆಸರನ್ನೇ ಜಪಾನೀ ಉಚ್ಚಾರಕ್ಕೆ ಒಗ್ಗಿಸಿ ಎಡೊಗಾವಾ ರಾಂಪೊ ಅಂತ ಇಟ್ಟುಕೊಂಡ ಬರಹಗಾರರಿಂದ ಅಲ್ಲಿನ ಕಥೆ ಶುರು. ಸೈಶಿ ಯೊಕೊಮಿಜೊ ಅವರ 'ದಿ ಹೊಂಜಿನ್ ಮರ್ಡರ್ಸ್' (1946) ಕಾರ್ ಅವರ ಹಾದಿಯ ಮುಚ್ಚಿದ ಕೋಣೆಯ ಕಥೆ. ಸುತ್ತಲೂ ಹಿಮ, ಹಳೆಯ ಮನೆತನ, ಮದುವೆಯ ರಾತ್ರಿ. ಇಂಗ್ಲಿಷಿನಲ್ಲಿ ಸಿಗುತ್ತದೆ. ಬಂಗಾಳಿಯಲ್ಲಿ ಶರದಿಂದು ಬಂದ್ಯೋಪಾಧ್ಯಾಯ 1932ರಲ್ಲೇ ಪತ್ತೇದಾರ ಬ್ಯೋಮಕೇಶ್ ಬಕ್ಷಿಯನ್ನು ತಂದರು.

ಕನ್ನಡದ ಪತ್ತೇದಾರಿ ಅಂದರೆ ಎನ್. ನರಸಿಂಹಯ್ಯ. ಅವರ ಪತ್ತೇದಾರ ಪುರುಷೋತ್ತಮನನ್ನು ಹಿಡಿದೇ ಓದುವ ಚಟ ಹತ್ತಿಸಿಕೊಂಡ ಕನ್ನಡಿಗರು ಲೆಕ್ಕವಿಲ್ಲದಷ್ಟು. ಅಲ್ಲಿನ ಸೊಗಸು ಸಾಹಸದ್ದು, ಬೆನ್ನಟ್ಟುವುದರದ್ದು. ಎಲ್ಲ ಸುಳಿವನ್ನೂ ಕೈಗೆ ಕೊಟ್ಟು ಓದುಗನನ್ನು ಸವಾಲಿಗೆ ಕರೆಯುವ ಕಾದಂಬರಿಗಳು ನಮ್ಮಲ್ಲಿ ಇನ್ನೂ ಬೇಕು.

ಇವನ್ನ ಕನ್ನಡಕ್ಕೆ ಅನುವಾದ ಮಾಡೋಕೆ ಅನುಮತಿ ಬೇಕಾ?

ಬರಹಗಾರರು ಯಾವಾಗ ತೀರಿಕೊಂಡರು ಅನ್ನುವುದರ ಮೇಲೆ ಹೋಗುತ್ತದೆ. ಭಾರತದಲ್ಲಿ ಕಾಪಿರೈಟ್ ಬರಹಗಾರರ ಜೀವಮಾನ ಮತ್ತು ಆಮೇಲೆ 60 ವರ್ಷ. ಸಾವಿನ ಮರುವರ್ಷದಿಂದ ಲೆಕ್ಕ ಶುರು. ಚೆಸ್ಟರ್ಟನ್ (1936), ಫ್ರೀಮನ್ (1943), ಟೇ (1952), ಸೇಯರ್ಸ್ ಮತ್ತು ಕ್ರಾಫ್ಟ್ಸ್ (ಇಬ್ಬರೂ 1957) ತಮ್ಮ ಜೀವಮಾನದಲ್ಲಿ ಪ್ರಕಟಿಸಿದ ಪುಸ್ತಕಗಳು ಇಲ್ಲಿ ಈಗ ಮುಕ್ತ. ಆಲಿಂಗ್‌ಹ್ಯಾಮ್ ತೀರಿಕೊಂಡಿದ್ದು 1966ರಲ್ಲಿ, ಹಾಗಾಗಿ 2027ರ ಜನವರಿಯಿಂದ. ಕ್ರಿಸ್ಟಿ 1976ರಲ್ಲಿ ತೀರಿಕೊಂಡರು, 2036 ಮುಗಿಯುವವರೆಗೆ ಅನುಮತಿ ಬೇಕೇ ಬೇಕು. 'ಸ್ಟೈಲ್ಸ್' ಅಮೆರಿಕದಲ್ಲಿ ಮುಕ್ತವಾಗಿದೆ, ಆ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ಬ್ರಿಟನ್ನಿನಲ್ಲಿ ಅವಧಿ 70 ವರ್ಷ. ಅಲ್ಲಿರುವ ಕನ್ನಡಿಗರಿಗೂ ಇ-ಪುಸ್ತಕ ಮಾರುವ ಯೋಚನೆ ಇದ್ದರೆ ಸೇಯರ್ಸ್ ವಿಷಯದಲ್ಲಿ 2027 ಮುಗಿಯುವವರೆಗೆ ಕಾಯಿರಿ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ, ಟೇ ಅವರ 'ದಿ ಫ್ರಾಂಚೈಸ್ ಅಫೇರ್' (1948). ಕೊಲೆಯೇ ಇಲ್ಲ, ಊರಿಗೆ ಊರೇ ಇಬ್ಬರು ಹೆಂಗಸರ ಮೇಲೆ ತಿರುಗಿಬೀಳುತ್ತದೆ, ಭಾಷೆಯೂ ತೊಡಕಿನದಲ್ಲ.